ಸಗಿನೋಯಾದಲ್ಲಿ ಅತ್ತೆಯ ಜಾಗ

ಜೂನ್ 12, ಗುರುವಾರ

ಮೂರು ಗಂಟೆ ಹತ್ತು ನಿಮಿಷ. ಎಬ್ಬಿಸಿದ್ದು ಪಾಪು ಅಲ್ಲ, ಕೋಣೆಯ ಹೊರಗೆ ಚಾವಣಿಗೆ ಅಂಟಿಸಿರುವ ಸ್ಮೋಕ್ ಅಲಾರಂ. ಬ್ಯಾಟರಿ ಸಾಯುತ್ತಿದೆಯಂತೆ. ಇಲ್ಲಿ ಜೂನ್ ಎಂದರೆ ಚಳಿಗಾಲ, ಚಳಿ ಹೆಚ್ಚಾದ ರಾತ್ರಿಗಳಲ್ಲಿ ಆಗಾಗ 'ಲೊಚ್' ಎನ್ನುತ್ತದೆ. ಧನು ಮನೆ ಮಾಲೀಕನಿಗೆ ಮೇಲ್ ಹಾಕಿದ್ದಾನೆ. ಧನು ಎಲ್ಲದಕ್ಕೂ ಮೇಲ್ ಹಾಕುತ್ತಾನೆ.

ಆ ಸದ್ದಿನ ಬೆನ್ನಿಗೇ ಪಕ್ಕದ ಕೋಣೆಯಿಂದ ಅತ್ತೆಯ ದನಿ: "ಕೃಷ್ಣ ಕೃಷ್ಣ." ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ತಟ್ಟಿದ ಸದ್ದು. ಅವರಿಗೆ ಅದು ಹಲ್ಲಿ. ಈ ದೇಶದ ಮನೆಗಳಲ್ಲಿ ಹಲ್ಲಿ ಇರಲ್ಲ ಅತ್ತೆ, ಅದು ಮೆಷಿನ್ನು ಎಂದು ಮೊನ್ನೆಯೇ ಹೇಳಿದ್ದೆ. "ಇಲ್ದೆ ಎಲ್ಲೋಗುತ್ತೆ ನಿಧಿ? ಚಳಿಗೆ ಸಂದೀಲಿ ಸೇರ್ಕೊಂಡಿರುತ್ತೆ. ಪಾಪುಗೆ ಒಳ್ಳೇದಾಗ್ಲಿ ಅಂತ ಅನ್ಕೊಳ್ತಿದ್ದೆ, ಹೂಂ ಅಂತು ನೋಡು" ಎಂದಿದ್ದರು.

ಪಾಪು ಯಾವಾಗ ಎದ್ದಿತೋ, ಅತ್ತೆ ಯಾವಾಗ ಬಂದು ಎತ್ತಿಕೊಂಡು ಹೋದರೋ ನನಗೆ ಗೊತ್ತೇ ಇಲ್ಲ. ತೊಟ್ಟಿಲು ಖಾಲಿ, ನನ್ನ ಎದೆ ಕಲ್ಲು, ನೈಟಿ ಒದ್ದೆ. ಹೋಗಿ ಇಣುಕಿದೆ. ಅವರ ಎದೆಯ ಮೇಲೆ ಕಪ್ಪೆಮರಿಯ ಹಾಗೆ ಕಾಲು ಮಡಚಿಕೊಂಡು ನಿದ್ದೆ. ನನ್ನ ಎದೆಯ ಮೇಲೆ ಅವಳು ಒಂದು ದಿನವೂ ಹೀಗೆ ಮಲಗಿಲ್ಲ. ನನ್ನ ಹತ್ತಿರ ಬಂದಳೆಂದರೆ ಮೂಗು ಉಜ್ಜುತ್ತಾ ಹುಡುಕಾಟ ಶುರು. ನಾನು ಹೋಟೆಲು, ಅತ್ತೆ ಮನೆ.

ಅಮ್ಮನಿಗೆ ಶಾಲೆಯಿಂದ ರಜೆ ಸಿಗಲಿಲ್ಲವೆಂದು ಬಾಣಂತನಕ್ಕೆ ಅತ್ತೆ ಬಂದರು. ಮೈಸೂರಿನಿಂದ ತಂದ ಅಂಟಿನುಂಡೆ ತಪಾಸಣೆಯಲ್ಲಿ ಸಿಕ್ಕಿ ಆಕ್ಲೆಂಡ್ ಏರ್‌ಪೋರ್ಟಿನ ಕಸದ ಡಬ್ಬಕ್ಕೆ ಹೋಯಿತು. ಅಳಲಿಲ್ಲ, ತಕಾನಿನಿಯ ಈ ಮನೆಗೆ ಬಂದ ಮರುದಿನವೇ ಹೊಸದಾಗಿ ಕಟ್ಟಿದರು. ಮನೆಗೆ ಬರುವ ನರ್ಸ್ ಪಾಪುವಿನ ತೂಕ ನೋಡಿ, ಅಜ್ಜಿಯನ್ನು ಹೊಗಳಿ ಹೋಗುತ್ತಾಳೆ. ಹಾಲು ಕೊಡುವವಳು ನಾನು.

ಜೂನ್ 14, ಶನಿವಾರ

ಧನುವಿನ ಹುಟ್ಟುಹಬ್ಬ. ಹೆರಿಗೆಯಾದ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗಾದರೂ ಹೋದದ್ದು ಇವತ್ತೇ ಮೊದಲು. ಪೆನ್‌ರೋಸ್‌ನಲ್ಲಿ ಅವನ ಆಫೀಸಿನ ಹಿಂದಿನ ಬೀದಿಯಲ್ಲಿ, ಎರಡು ಗೋದಾಮುಗಳ ನಡುವೆ ಒಂದು ಹಳೇ ಮರದ ಕಟ್ಟಡ. ಸಗಿನೋಯಾ, ಎಂದರೆ ಕೊಕ್ಕರೆ ಮನೆಯಂತೆ. ಐವತ್ತು ವರ್ಷದ ಹಿಂದೆ ಜಪಾನಿನಿಂದ ತೊಲೆಗಳನ್ನು ಹಡಗಿನಲ್ಲಿ ತರಿಸಿ ಕಟ್ಟಿದ ಊಟದ ಮನೆ. ಶನಿವಾರ ಮಧ್ಯಾಹ್ನ ಊಟದ ಜೊತೆ ಅವರ ಹಳೇ ಕಾಲದ ನೃತ್ಯ. ಜುಲೈ ಐದಕ್ಕೆ ಮುಚ್ಚುತ್ತದೆ, ಜಾಗ ಮಾರಾಟವಾಗಿದೆ. "ಮುಚ್ಚೋಕೆ ಮುಂಚೆ ನೀನು ಆ ಡ್ಯಾನ್ಸ್ ನೋಡ್ಬೇಕು ಕಣೇ, ನಿಂಗೋಸ್ಕರನೇ" ಎಂದ ಧನು. ಅವನ ಹುಟ್ಟುಹಬ್ಬಕ್ಕೆ ನನಗೋಸ್ಕರ. ನಂಬಿದೆ.

ಹೊರಡುವ ಮುಂಚೆ ಅತ್ತೆಯ ಅಲಂಕಾರ: ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಒಂದರ ಮೇಲೊಂದು ಸಾಕ್ಸ್, ಸ್ವೆಟರಿನ ಒಳಗೆ ಹೊಟ್ಟೆಗೆ ಬಿಗಿದ ಹಳೇ ನೀಲಿ ಚೌಕಳಿ ಸೀರೆ. ದಿನಾ ಎಣ್ಣೆ ನೀರಾದ ಮೇಲೆ ಅತ್ತೆ ಮಂಡಿ ಊರಿ, ನನ್ನನ್ನು ಬುಗುರಿಯಂತೆ ತಿರುಗಿಸಿ, ಉಸಿರು ಬಿಡು, ಇನ್ನೂ ಬಿಡು ಎನ್ನುತ್ತಾ ಕಟ್ಟುವ ಸೀರೆ ಅದು. ಅದನ್ನು ಕಟ್ಟಿದಾಗ ಮಾತ್ರ ನನ್ನ ಬೆನ್ನು ನನ್ನದು ಅನ್ನಿಸುತ್ತದೆ.

ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂದಾಗ ಅತ್ತೆಗೆ ಖುಷಿಯೋ ಖುಷಿ. "ಇವ್ರು ನಮ್ಮೋರೇ ಕಣಮ್ಮಾ." ಒಳಗೆ ಹುಲ್ಲುಚಾಪೆ, ಗಿಡ್ಡ ಮೇಜು. ಕೂತ ಕೂಡಲೇ ಅತ್ತೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಮೆಣಸಿನ ಸಾರನ್ನ. ಬೆಳ್ಳುಳ್ಳಿ ಘಮ ಇಡೀ ಹಾಲಿಗೆ ಹರಡಿತು.

"ಅಮ್ಮಾ, ಹೊರಗಿನ ಊಟ ತರೋ ಹಾಗಿಲ್ಲ ಇಲ್ಲಿ!" ಧನು ಕಿವಿಯಲ್ಲಿ ಹೇಳಿದ.

"ನಿಂಗಲ್ಲ ಅದು, ನೀನು ಮೀನು ಗೀನು ಏನಾದ್ರೂ ತಿನ್ನು. ಬಾಣಂತಿಗೆ."

ಅಷ್ಟರಲ್ಲಿ ಮನೆಯೊಡತಿ ಬಂದು ಮಂಡಿಯೂರಿ ಕೂತರು. ಕಜುಕೊ ಅಂತ ಹೆಸರು, ಎಪ್ಪತ್ತು ದಾಟಿರಬೇಕು. ಅತ್ತೆ ನನ್ನನ್ನು ತೋರಿಸಿ, "ಬೇಬಿ. ಮದರ್. ನೋ ಕೋಲ್ಡ್" ಎಂದರು. ಭೂಮಿ ಬಾಯಿ ಬಿಡಲಿ ಅಂದುಕೊಂಡೆ. ಕಜುಕೊ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ, ಮೆಣಸಿನ ಸಾರನ್ನವನ್ನು ಬಿಸಿ ಮಾಡಿ, ಮುಚ್ಚಳವಿರುವ ಕಪ್ಪು ಬಟ್ಟಲಲ್ಲಿ ಹಾಕಿ ತಂದಿಟ್ಟರು. ಅತ್ತೆ ಅವರ ಗಲ್ಲ ಮುಟ್ಟಿ ಮುತ್ತಿಟ್ಟುಕೊಂಡರು. ಆ ಕ್ಷಣದಿಂದ ಅವರು ಕಜಕ್ಕ.

ಆಮೇಲೆ ನೃತ್ಯ. ಕಜುಕೊ ಬಿಳಿ ಕಿಮೋನೊದಲ್ಲಿ ಬಂದು ನಿಂತರು. ನಿಂತೇ ಇದ್ದರು. ಬೀಸಣಿಗೆಯನ್ನು ಅರ್ಧ ಮಡಚುವುದಕ್ಕೆ ಒಂದಿಡೀ ಆವರ್ತ ತೆಗೆದುಕೊಂಡರು. ಒಂದು ಪಾದ ನೆಲದಿಂದ ಎದ್ದದ್ದು ಕಾಣಿಸಲೇ ಇಲ್ಲ, ಎದ್ದಾದ ಮೇಲೆ ಗೊತ್ತಾಯಿತು. ಹದಿಮೂರು ವರ್ಷ ಭರತನಾಟ್ಯ ಕಲಿತ ನನ್ನ ತೊಡೆಗಳು ಮೇಜಿನ ಕೆಳಗೆ ತಾವಾಗಿಯೇ ಬಿಗಿದವು. ಅತ್ತೆಗೆ ಕಾಣದ ಹಾಗೆ ಒಂದು ಕಿವಿಯ ಹತ್ತಿ ತೆಗೆದೆ. ತಂತಿಯ ಸದ್ದು ನೇರ ಒಳಗೆ ಬಂತು. ಎಷ್ಟೋ ತಿಂಗಳಾದ ಮೇಲೆ ನನಗೆ ಏನೋ ಬೇಕು ಅನ್ನಿಸಿತು. ನಿದ್ದೆಯಲ್ಲದ ಏನೋ.

ಆಗ ಪಾಪು ಅತ್ತಳು.

ಹಿಂದಿನ ಉಗ್ರಾಣದಲ್ಲಿ, ಅಕ್ಕಿ ಚೀಲಗಳ ನಡುವೆ ದಿಂಬಿನ ಮೇಲೆ ಕೂತು ಹಾಲು ಕೊಟ್ಟೆ. ಗೋಡೆಯಾಚೆ ಡೋಲು, ನಗು, ಚಪ್ಪಾಳೆ. ಹೊರಗೆ ಬಂದರೆ ಕೊನೆಯ ನೃತ್ಯ ನಡೆಯುತ್ತಿತ್ತು. ಊಟಕ್ಕೆ ಬಂದವರೂ ಸೇರಬಹುದಾದ, ಸುತ್ತು ಕಟ್ಟಿ ಕುಣಿಯುವ ಊರಿನ ಕುಣಿತ. ಸುತ್ತಿನ ನಡುವೆ ಸೆರಗು ಸಿಕ್ಕಿಸಿಕೊಂಡು ಅತ್ತೆ! ಎಲ್ಲರ ಕೈ ಮೇಲೆ ಹೋದಾಗ ಅವರ ಕೈ ಕೆಳಗೆ. ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ಅವರದೊಂದು ಚಪ್ಪಾಳೆ. ತಾಳ ಪೂರ್ತಿ ತಪ್ಪಿತ್ತು. ಅಲ್ಲಿ ಯಾರಿಗೂ ತಾಳ ಬೇಕಾಗಿರಲಿಲ್ಲ. ಇಲ್ಲಿನ ಬಿಳಿಯರು, ಜಪಾನಿಯರು ಎಲ್ಲ ಅವರನ್ನೇ ನೋಡುತ್ತಿದ್ದರು.

ಧನು ವಿಡಿಯೋ ಮಾಡುತ್ತಿದ್ದ. ಕಣ್ಣು ಒದ್ದೆ. "ನೋಡೇ, ಅಮ್ಮ!"

ನನ್ನ ರಂಗಪ್ರವೇಶದ ವಿಡಿಯೋ ಹಾಕಿದರೆ ಇವನಿಗೆ ಮೊದಲ ನೃತ್ಯ ಅಲರಿಪು ಮುಗಿಯುವುದರೊಳಗೆ ನಿದ್ದೆ.

ಹೊರಡುವಾಗ ಕಜುಕೊ ಅತ್ತೆಯ ಕೈ ಹಿಡಿದು ಹೇಳಿದರು: ಗುರುವಾರ ಬೆಳಿಗ್ಗೆ ಅಭ್ಯಾಸ, ಬನ್ನಿ. ಕೊನೆಯ ದಿನ ಸುತ್ತಿನಲ್ಲಿ ನಿಮಗೊಂದು ಜಾಗ. ನನಗೆ ಹೇಳಲಿಲ್ಲ. ನನ್ನ ತಲೆಗೆ ಸ್ಕಾರ್ಫಿತ್ತು, ಒಂದು ಕಿವಿಯಲ್ಲಿ ಹತ್ತಿಯಿತ್ತು. ನಾನು ನರ್ತಕಿಯೆಂದು ಯಾರಿಗೆ ತಾನೇ ತಿಳಿಯಬೇಕು?

ಜೂನ್ 19, ಗುರುವಾರ

ಅತ್ತೆ ಧನುವಿನ ಕಾರಿನಲ್ಲಿ ಪೆನ್‌ರೋಸ್‌ಗೆ ಹೋದರು. ಎಣ್ಣೆ ನೀರು ಬೆಳಗಿನ ಜಾವವೇ ಗಡಿಬಿಡಿಯಲ್ಲಿ ಆಯಿತು. ಹೊಟ್ಟೆಗೆ ಕಟ್ಟಿದ್ದು ಸಡಿಲ, ಹತ್ತು ಗಂಟೆಗೆಲ್ಲ ಜಾರಿತು. ನಾನೇ ಕಟ್ಟಿಕೊಳ್ಳಲು ನೋಡಿದೆ. ಒಂದು ತುದಿ ಹಿಡಿಯುವವರು ಬೇಕು.

ಮಧ್ಯಾಹ್ನ ಕೆನ್ನೆ ಕೆಂಪು ಮಾಡಿಕೊಂಡು ಬಂದರು. ಬಾಣಂತಿಗೆ ವಾಯು ಎಂದು ತಾವೇ ದೂರವಿಟ್ಟಿದ್ದ ಹೂಕೋಸು ತಂದಿದ್ದರು.

ಜೂನ್ 24, ಮಂಗಳವಾರ

ಪಾಪು ನಕ್ಕಳು. ಬರೀ ತುಟಿ ಅರಳಿಸಿದ್ದಲ್ಲ, ಗಂಟಲಿಂದ ಗುಳುಗುಳು ಎಂದು ಸದ್ದು ಬರುವ ಹಾಗೆ. ಮೊಟ್ಟಮೊದಲು.

ಅತ್ತೆಯನ್ನು ನೋಡಿ.

ಅಡುಗೆಮನೆಯಲ್ಲಿ ಅತ್ತೆ ಅವಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕುಣಿತ ಅಭ್ಯಾಸ ಮಾಡುತ್ತಿದ್ದರು. "ಬಲಗೈ ಮೇಲೆ, ಎಡಗೈ... ಅಯ್ಯೋ, ಮತ್ತೆ ಮರೀತು ನೋಡು. ನಿಧೀ, ನೀನು ಹೇಳಿಕೊಡಮ್ಮಾ. ನೀನು ಒಂದ್ಸಲ ನೋಡಿದ್ರೆ ಸಾಕು, ಬಂದುಬಿಡುತ್ತೆ ನಿಂಗೆ. ತಿರುಗೋವಾಗ ಯಾವ ಕಾಲು ಮುಂದೆ?"

"ನಾನು ನೋಡಿಲ್ಲ ಅತ್ತೆ, ಹಾಲು ಕೊಡ್ತಿದ್ದೆ."

ಸುಳ್ಳು. ಕೊನೆಯ ಸುತ್ತು ಪೂರ್ತಿ ನೋಡಿದ್ದೆ. ಎಡಗಾಲು ಮುಂದೆ, ಅದರ ಹಿಂದೆ ಬಲಗಾಲು ಜಾರಿಸಬೇಕು. ಅತ್ತೆ ಬಲಗಾಲು ಮುಂದಿಟ್ಟು ಮುಗ್ಗರಿಸಿದರು, ಪಾಪು ಆಗಲೇ ನಕ್ಕದ್ದು. ಹೇಳಿಕೊಟ್ಟಿದ್ದರೆ ಮುಗ್ಗರಿಸುತ್ತಿರಲಿಲ್ಲ, ಇವಳು ನಗುತ್ತಲೂ ಇರಲಿಲ್ಲ.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ. ಆಮೇಲೆ ನಾನೂ ಕುಣಿದೆ ಪಾಪುವಿನ ಮುಂದೆ. ಸರಿಯಾಗಿ, ಅರೆಮಂಡಿಯಲ್ಲಿ. ಗಂಭೀರವಾಗಿ ನೋಡಿದಳು, ಪರೀಕ್ಷಕರ ಹಾಗೆ. ಆಕಳಿಸಿದಳು.

ಜೂನ್ 26, ಗುರುವಾರ

ಊಟದ ಬಿಡುವಿನಲ್ಲಿ ಧನು ಸಗಿನೋಯಾಗೆ ಹೋಗಿ ಅಮ್ಮನ ಫೋಟೋ ತೆಗೆದು ಮನೆಮಂದಿಯ ಗ್ರೂಪಿಗೆ ಹಾಕಿದ್ದ. ಮೈಸೂರಿಂದ ಹಾರ್ಟುಗಳ ಸುರಿಮಳೆ. ನಮ್ಮಮ್ಮನೂ ಹಾಕಿದ್ದಾಳೆ.

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಅತ್ತೆಯ ಸೊಂಟಕ್ಕೆ ಅಗಲವಾಗಿ, ಜಪಾನಿಯರ ನಡುಪಟ್ಟಿಯ ಹಾಗೆ ಸುತ್ತಿದ ನೀಲಿ ಚೌಕಳಿ ಸೀರೆ. ನನ್ನದು. ಹಿಂದೆ ನಿಂತು ಕಜುಕೊ ಗಂಟು ಬಿಗಿಯುತ್ತಿದ್ದಾರೆ, ಅತ್ತೆ ಉಸಿರು ಬಿಟ್ಟು ನಿಂತಿದ್ದಾರೆ. ನಾನು ನಿಲ್ಲುತ್ತೇನಲ್ಲ, ಥೇಟ್ ಹಾಗೆ.

ಬೆಳಿಗ್ಗೆ ನನಗೆ ಹೇಳಿದ್ದೇನು? "ಒಗ್ದಿದ್ದು ಒಣಗಿಲ್ಲ ಕಣಮ್ಮಾ, ಇವತ್ತೊಂದಿನ ಟವೆಲು ಕಟ್ತೀನಿ." ಸೀರೆ ಅತ್ತೆಯದೇ, ನಿಜ. ತಂದವರೂ ಅವರೇ, ಕಟ್ಟುವವರೂ ಅವರೇ. ಆದರೂ ಅದು ನನ್ನ ಹೊಟ್ಟೆಯ ಸೀರೆ. ಅದೊಂದು ನನಗೋಸ್ಕರ ಇತ್ತು. ಮಿಕ್ಕದ್ದೆಲ್ಲ ಪಾಪುವಿಗೆ.

ಸಂಜೆ ಧನು ಒಬ್ಬನೇ ಸಿಕ್ಕಾಗ ಹೇಳಿದೆ: "ನಿಮ್ಮಮ್ಮ ಹೋದ ಮೇಲೆ ಪಾಪು ಅತ್ತೂ ಅತ್ತೂ ನೀಲಿಯಾದ್ಲು. ನಂಗೆ ತಲೆ ಸುತ್ತಿ ಬಂತು ಧನು. ಕೈಯಿಂದ ಜಾರ್ತಿದ್ಲು, ಗೋಡೆಗೆ ಒರಗಿಬಿಟ್ಟೆ."

ಇಲ್ಲಿ ಬರೆದುಕೊಳ್ಳಬಹುದು, ಯಾರೂ ನೋಡುವುದಿಲ್ಲ: ಪಾಪು ಅಳಲೇ ಇಲ್ಲ. ಹಾಲು ಕುಡಿದು ಮಲಗಿದಳು, ಪಕ್ಕದಲ್ಲಿ ನಾನೂ ಮಲಗಿದೆ. ಈಚಿನ ದಿನಗಳಲ್ಲೆಲ್ಲ ಅಷ್ಟು ಒಳ್ಳೆಯ ನಿದ್ದೆ ಬಂದದ್ದು ಇವತ್ತೇ.

ಧನು ಅಡುಗೆಮನೆಗೆ ಹೋದ. ಹೀಟರ್ ಸದ್ದಿನಲ್ಲೂ ಕೇಳಿಸಿತು. "ಅಮ್ಮಾ, ಬಾಣಂತನಕ್ಕೆ ಬಂದಿದ್ದೋ ಕುಣಿಯೋಕೆ ಬಂದಿದ್ದೋ ನೀವು? ಮಗು ಕೆಳಗೆ ಬಿದ್ದಿದ್ರೆ?"

ಆಮೇಲೆ ಅತ್ತೆ ಕೈಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ಬಂದರು. ದಿನಾ ಸಂಜೆ ಪಾಪುವಿಗೆ ದೃಷ್ಟಿ ನಿವಾಳಿಸುತ್ತಾರೆ, ಅಲಾರಂ ಹೊಡೆದುಕೊಳ್ಳುತ್ತದೆಂದು ಸುಡದೆ ಗ್ಯಾರೇಜಿನಾಚೆ ಎಸೆದು ಬರುತ್ತಾರೆ. ದಿನಾ "ನಾಯಿ ಕಣ್ಣು, ನರಿ ಕಣ್ಣು" ಎಂದು ಶುರು. ಇವತ್ತು "ಅಜ್ಜಿ ಕಣ್ಣು" ಎಂದು ಶುರು ಮಾಡಿದರು. ಅಜ್ಜಿ ಕಣ್ಣು, ಅಜ್ಜಿ ಕಾಲು, ಎಲ್ಲಾ ಸುಟ್ಟುಹೋಗ್ಲಿ. ಅಮ್ಮನ ಕಣ್ಣು ಎನ್ನಲೇ ಇಲ್ಲ.

ನಾನೂ ನೆನಪಿಸಲಿಲ್ಲ.

ಜೂನ್ 29, ಭಾನುವಾರ

"ರಶ್ಮಿತಾಗೆ ಪರೀಕ್ಷೆ ಮುಗ್ದು ಕೆಮ್ಮು ಹತ್ಕೊಂಡಿದೆ. ರಿಕ್ಕರ್ಟನ್‌ಗೆ ಹೋಗಿ ನಾಲ್ಕು ದಿನ ಮಾಡಿ ಹಾಕ್ಬರ್ತೀನಿ" ಎಂದರು ಅತ್ತೆ. ರಶ್ಮಿತಾ ಧನುವಿನ ತಂಗಿ, ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಅವಳ ಕೆಮ್ಮು ನಿನ್ನೆ ಫೋನಿನಲ್ಲಿ ಕೇಳಿಸಲಿಲ್ಲ.

"ಶನಿವಾರ ಕಜುಕೊ ಅವರ..." ಎಂದ ಧನು.

"ಅದೇನು ಬಿಡೋ. ಮಕ್ಕಳಾಟ."

ಗೆದ್ದೆ. ಹಾಗೆಂದು ಬರೆಯಬೇಕಲ್ಲವೇ?

ಜುಲೈ 1, ಮಂಗಳವಾರ

ಹೋದರು. ಫ್ರಿಜ್ಜಿನಲ್ಲಿ ಸಾರಿನ ಪುಡಿ, ಬೆಳ್ಳುಳ್ಳಿ ಬಿಡಿಸಿಟ್ಟ ಡಬ್ಬಿ. ಇನ್ನೊಂದು ಡಬ್ಬಿ ತೆರೆದರೆ ತುಂಬಾ ಹತ್ತಿಯ ಉಂಡೆಗಳು, ನನ್ನ ಕಿವಿಯ ಅಳತೆಗೆ ಉರುಟಿ ಇಟ್ಟದ್ದು.

ರಾತ್ರಿ ಅಲಾರಂ ಲೊಚಗುಟ್ಟಿತು. ಆಮೇಲೆ ಏನೋ ಬರಬೇಕಿತ್ತು, ಬರಲಿಲ್ಲ. ಕಾದು ಎಚ್ಚರವಾಗಿಯೇ ಇದ್ದೆ.

ಜುಲೈ 4, ಶುಕ್ರವಾರ, ಸಂಜೆ

ಇವತ್ತು ಪಾಪುವನ್ನು ಎದೆಗೆ ಕಟ್ಟಿಕೊಂಡು ಒಬ್ಬಳೇ ರೈಲಿನಲ್ಲಿ ಪೆನ್‌ರೋಸ್‌ಗೆ ಹೋದೆ. ಸೀರೆ ತರಲು. ಹೋದ ವಾರ ಅತ್ತೆ ಅದನ್ನು ಅಲ್ಲೇ ಬಿಟ್ಟು ಬಂದಿದ್ದರು. ಅದಿಲ್ಲದೆ ನನ್ನ ಬೆನ್ನು ಬಿಟ್ಟುಹೋಗುತ್ತಿದೆ. ಅದಕ್ಕೇ ಹೋದದ್ದು, ಬೇರೆ ಯಾವುದಕ್ಕೂ ಅಲ್ಲ.

ಕಜುಕೊ ಸೀರೆಯನ್ನು ಒಗೆದು, ಇಸ್ತ್ರಿ ಮಾಡಿ, ಚೌಕ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಒಳಗೆ ನಾಳೆಯ ಅಭ್ಯಾಸ ನಡೆಯುತ್ತಿತ್ತು. ಅರ್ಧ ಸಾಮಾನು ಪೆಟ್ಟಿಗೆಗಳಲ್ಲಿ, ಅದರ ನಡುವೆ ಸುತ್ತು ಕಟ್ಟಿ ಕುಣಿತ. ಸುತ್ತಿನಲ್ಲಿ ಒಂದು ಕಡೆ ಒಬ್ಬರು ಹಿಡಿಸುವಷ್ಟು ಜಾಗ ಖಾಲಿ.

"ವಸಂತಾ ಅವರ ಜಾಗ" ಎಂದರು ಕಜುಕೊ, ಅತ್ತೆಯ ಹೆಸರು ಹಿಡಿದು, ನಿಧಾನವಾದ ಇಂಗ್ಲಿಷಿನಲ್ಲಿ. "ಇಲ್ಲಿ ಯಾರಿಗಾದರೂ ಜಾಗ ಕೊಟ್ಟರೆ, ಅವರು ಬರದಿದ್ದರೆ ನಾವು ಹತ್ತಿರ ಸರಿದು ತುಂಬಿಸುವುದಿಲ್ಲ. ಬಿಟ್ಟುಕೊಂಡೇ ಕುಣಿಯುತ್ತೇವೆ."

ಸುತ್ತು ತಿರುಗಿದಂತೆ ಆ ಖಾಲಿ ಜಾಗವೂ ತಿರುಗಿತು. ನನ್ನ ಮುಂದೆ ಬಂತು, ದಾಟಿ ಹೋಯಿತು, ಮತ್ತೆ ಬಂತು. ಒಬ್ಬರೂ ತಾಳ ತಪ್ಪಲಿಲ್ಲ. ಅಷ್ಟು ಸರಿಯಾಗಿ ಕುಣಿಯುವುದನ್ನು ನೋಡುತ್ತಾ ನಿಲ್ಲಲು ನನ್ನಿಂದಾಗಲಿಲ್ಲ.

ಅತ್ತೆ ಹೇಳಿದ್ದು ನಿಮಗೇನು ಅರ್ಥವಾಗುತ್ತಿತ್ತು, ಅವರಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದೆ. ಸ್ವಲ್ಪ ಚುಚ್ಚಿಯೇ ಕೇಳಿದೆ.

ಕಜುಕೊ ನಕ್ಕರು. "ಕೈಯಲ್ಲಿ ಹೇಳಿದರು." ತೋಳುಗಳನ್ನು ತೊಟ್ಟಿಲು ಮಾಡಿ ತೂಗಿ ತೋರಿಸಿದರು, ಆಮೇಲೆ ಎರಡು ಕೋಲು ಬಡಿದ ಹಾಗೆ. "ಊರಲ್ಲಿ ಹುಡುಗಿಯರೆಲ್ಲ ಕೋಲು ಹಿಡಿದು ಕುಣಿಯುತ್ತಿದ್ದರಂತೆ. ಇವರು ದೊಡ್ಡ ಮಗಳು, ಪಕ್ಕದಲ್ಲಿ ಕೂತು ಎಲ್ಲರ ಮಕ್ಕಳನ್ನು ಎತ್ತಿಕೊಂಡಿರುತ್ತಿದ್ದರು. ಆಮೇಲೆ ತಮ್ಮ ಮಕ್ಕಳು. ಆ ದಿನ ನೀವು ಮಗುವನ್ನು ಎತ್ತಿಕೊಂಡು ಒಳಗೆ ಹೋದಿರಲ್ಲ, ಮೊದಲ ಸಲ ಅವರ ಕೈ..." ಖಾಲಿ ಕೈಗಳನ್ನು ಬಿಡಿಸಿ, ಅಂಗೈ ಮೇಲೆ ಮಾಡಿ, ಅತ್ತೆ ತೋರಿಸಿರಬಹುದಾದ ಹಾಗೆಯೇ ತೋರಿಸಿದರು.

ಕೋಲಾಟದ ಮಾತು ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳಲು ಭಾಷೆ ಇತ್ತಲ್ಲ ನಮಗೆ.

ರೈಲಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದು ಬಿಚ್ಚಿದೆ. ಕಟ್ಟಿಕೊಳ್ಳಲಿಲ್ಲ.

ಅದೇ ರಾತ್ರಿ

ಅತ್ತೆ, ಇದು ನಿಮಗೆ. ಮೇಲಿನ ಪುಟಗಳು ನನಗೆ ನಾನೇ ಬರೆದುಕೊಂಡದ್ದು, ಈ ಪುಟ ಮಾತ್ರ ನಿಮಗೆ. ಫೋನಿನಲ್ಲಿ ಕನ್ನಡ ಒತ್ತಲು ನನಗೆ ಬರುವುದಿಲ್ಲ. ವಾಯ್ಸ್ ಮೆಸೇಜ್ ಮಾಡಲು ಹೋದೆ, ಅರ್ಧಕ್ಕೇ ಅಳಿಸಿಹಾಕಿದೆ. ಈ ಪುಟದ ಫೋಟೋ ಕಳಿಸುತ್ತೇನೆ. ನೀವು ಮಲಗುವಾಗ ಫೋನ್ ಆಫ್ ಮಾಡುತ್ತೀರಿ, ಬೆಳಗಿನ ಜಾವ ಎದ್ದವರೇ ಪಾಪುವಿನ ಫೋಟೋ ಬಂದಿದೆಯಾ ಎಂದು ಆನ್ ಮಾಡುತ್ತೀರಿ. ಇವತ್ತು ಫೋಟೋ ಅಲ್ಲ, ಇದು ಬಂದಿರುತ್ತದೆ. ಕನ್ನಡಕ ಹಾಕಿಕೊಂಡು ಓದಿ. ರಶ್ಮಿತಾಗೂ ಫೋನ್ ಮಾಡಿದೆ, ಅವಳು ಎತ್ತುತ್ತಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟಿರಬೇಕು. ಇರಲಿ.

ಆ ಗುರುವಾರ ಪಾಪು ಅಳಲಿಲ್ಲ ಅತ್ತೆ. ನನಗೆ ತಲೆ ಸುತ್ತಲೂ ಇಲ್ಲ. ನೀವು ಕುಣಿದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಧನುವಿಗೆ ಹೇಳಿದ್ದು ಸುಳ್ಳು, ಈಗ ಅವನಿಗೂ ಹೇಳಿಯಾಯಿತು. ಅವನು ನನ್ನನ್ನು ಬೈಯಲಿಲ್ಲ. ನಿಮಗೆ ಅಂದ ಮಾತನ್ನು ನೆನೆಸಿಕೊಂಡು ತಲೆ ಹಿಡಿದುಕೊಂಡು ಕೂತ. ದೃಷ್ಟಿ ನಿವಾಳಿಸುವಾಗ ಅಜ್ಜಿ ಕಣ್ಣು ಎಂದಿರಲ್ಲ, ಆ ಕಣ್ಣು ನಿಮ್ಮದಾಗಿರಲಿಲ್ಲ.

ಕ್ರೈಸ್ಟ್‌ಚರ್ಚಿನಿಂದ ಬೆಳಗಿನ ಮೊದಲ ವಿಮಾನದಲ್ಲಿ ಇನ್ನೂ ಜಾಗ ಇದೆ. ಧನು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಸೋಫಾದಲ್ಲಿ ನಿದ್ದೆ ಹೋಗಿದ್ದಾನೆ, ನಾನು ಎಬ್ಬಿಸುತ್ತೇನೆ. ನೀವು ಹೂಂ ಎಂದರೆ ಸಾಕು, ಅವನು ಬುಕ್ ಮಾಡುತ್ತಾನೆ, ಬಾಗಿಲಿಗೆ ಟ್ಯಾಕ್ಸಿ ಬರುತ್ತದೆ. ಏರ್‌ಪೋರ್ಟಿನಿಂದ ನೇರ ಪೆನ್‌ರೋಸ್. ಡೋಲು ಶುರುವಾಗುವುದು ಮಧ್ಯಾಹ್ನ. ಅದು ಬಿಟ್ಟರೆ ಜಾಗ ಇರುವ ಮುಂದಿನ ವಿಮಾನದಲ್ಲಿ ತಡವಾಗುತ್ತದೆ.

ಸೀರೆ ನಾನು ತರುತ್ತೇನೆ. ಬೇಕಾದರೆ ಕಜಕ್ಕ ಕಟ್ಟಲಿ, ಬೇಡವಾದರೆ ನಾನು ಕಟ್ಟುತ್ತೇನೆ. ಇಷ್ಟು ದಿನ ಕಟ್ಟಿಸಿಕೊಂಡಿದ್ದೇನಲ್ಲ, ಎಷ್ಟು ಬಿಗಿ ಎಂದು ಗೊತ್ತು. ತಿರುಗುವಾಗ ಎಡಗಾಲು ಮುಂದೆ, ಬಲಗಾಲು ಹಿಂದಿನಿಂದ ಜಾರಿಸಬೇಕು. ಆ ದಿನವೇ ನನಗೆ ಗೊತ್ತಿತ್ತು. ಮರೆತರೂ ಪರವಾಗಿಲ್ಲ, ತಪ್ಪಾಗಿಯೇ ಹಾಕಿ. ನಾನು ಪಾಪುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿರುತ್ತೇನೆ. ಅತ್ತರೂ ನಿಮ್ಮನ್ನು ಕರೆಯುವುದಿಲ್ಲ.

ಈಗ ಮತ್ತೆ ಲೊಚಗುಟ್ಟಿತು. ಕೃಷ್ಣ ಕೃಷ್ಣ ಎಂದೆ, ಮಂಚ ತಟ್ಟಿದೆ. ನೀವು ಬರಬೇಕು ಎಂದುಕೊಳ್ಳುತ್ತಿದ್ದೆ ಅತ್ತೆ, ಆಗಲೇ 'ಹೂಂ' ಅಂದಿದ್ದು. ನೀವೂ ಅನ್ನಿ. ಎದ್ದ ಕೂಡಲೇ, ಮುಖ ತೊಳೆಯುವುದಕ್ಕೂ ಮುಂಚೆ. ನನ್ನನ್ನು ಬೈಯುವುದಕ್ಕಾದರೂ ಸರಿ, ಫೋನ್ ಮಾಡಿ. ಎಚ್ಚರವಾಗಿಯೇ ಇರುತ್ತೇನೆ. ನಿಮ್ಮ ದಮ್ಮಯ್ಯ, ಬೆಳಗಾಗುವುದರೊಳಗೆ ಫೋನ್ ಮಾಡಿ.